ಹಾಳೆ ತಿರುವುವ ಭಾವ

ಫೋನಿನಲ್ಲಿ ಗ್ರಂಥಾಲಯದ ಮೇಲ್ವಿಚಾರಕಿ ನಗುತ್ತಿದ್ದರು. "ಈ ಸಲ ವಸಂತದ ಕಾರ್ಯಕ್ರಮ ನೋಡಿ ಮೇಡಂ. ಹಗುರವಾಗಿ, ಖುಷಿಖುಷಿಯಾಗಿ ಏನಾದ್ರೂ ನುಡಿಸಿ. ಹೋದ ಸಲದ್ದು ಕೇಳ್ತಾ ಮುಂದಿನ ಸಾಲಿನ ಅಜ್ಜ ಗೊರಕೆಗೇ ಇಳಿದುಬಿಟ್ರು."

ಪಿಯಾನೊ ಟೀಚರ್ ಆಗಲಿ ಎಂದಳು. ಕಪಾಟಿನ ಕೆಳಖಾನೆಯಿಂದ ಹಳೆಯ ಸ್ವರದ ಹಾಳೆಗಳನ್ನೆಲ್ಲ ಎಳೆದು ನೆಲದ ಮೇಲೆ ಹರಡಿಕೊಂಡು ಕೂತಳು. ಮೊದಲು ಕೈಗೆ ಬಂದದ್ದು ಹಿಮ ಕರಗಿ ಹೊಳೆಯಾಗುವ ಚೆಂದದ ರಚನೆ. ಆದರೆ ಪುಟಗಳ ಕೆಳಮೂಲೆ ಕಂದುಬಣ್ಣಕ್ಕೆ ತಿರುಗಿ, ನೆನೆದು ಒಣಗಿದ ರಟ್ಟಿನಂತೆ ಉಬ್ಬಿ, ಒಂದಕ್ಕೊಂದು ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿದಾಗ ಚರ್ ಎಂದು ಸದ್ದಾಯಿತು. ಅವಳು ಉಗುರನ್ನು ಸೆರಗಿಗೆ ಒರೆಸಿಕೊಂಡಳು.

ಅದು ಭಾವನವರ ಕೆಲಸ. ಗಂಡನ ಅಣ್ಣ, ಹೆಂಡತಿ ತೀರಿಕೊಂಡ ಮೇಲೆ ಬಟ್ಟೆ ಅಂಗಡಿ ಮುಚ್ಚಿ ಇವರ ಮನೆಯ ಮಹಡಿ ಕೋಣೆಗೆ ಬಂದವರು. ಅವಳು ನುಡಿಸುವಾಗ ಪಕ್ಕದಲ್ಲಿ ನಿಂತು ಹಾಳೆ ತಿರುವುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡಿದ್ದರು. ಸಂಗೀತದ ಗಂಧಗಾಳಿ ಇಲ್ಲ; ಅವಳು ತಲೆಯಾಡಿಸಿದರೆ ತಿರುವುವುದು, ಅಷ್ಟೇ. ಆದರೆ ಅದಕ್ಕೆ ಮುಂಚೆ ನಾಲಿಗೆ ಹೊರಬರುತ್ತಿತ್ತು. ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ, ರುಚಿ ನೋಡುವಂತೆ ನೆಕ್ಕುತ್ತಿದ್ದರು. ಸದಾ ಬಾಯಲ್ಲಿರುವ ಲವಂಗದ ವಾಸನೆ ಅವಳ ಕೆನ್ನೆಗೆ ಬಡಿಯುತ್ತಿತ್ತು. ಒಮ್ಮೆ ಬೆರಳಿಗೂ ತುಟಿಗೂ ನಡುವೆ ಎಂಜಲಿನ ಎಳೆಯೊಂದು ಜಗ್ಗಿ ಕಡಿದು ಪಿಯಾನೊದ ಬಿಳಿ ಕೀಲಿಯ ಮೇಲೆ ಬಿತ್ತು. ಮುಂದಿನ ಸ್ವರ ಅದೇ. ಅವಳ ಬೆರಳು ಜಾರಿತು.

ಗಂಡನಿಗೆ ಹೇಳದೆ ಇರಲಿಲ್ಲ. "ಪಾಪ, ಅದೊಂದು ಕೆಲಸಕ್ಕೆ ಅಂತ ಅಣ್ಣ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೋತಾನೆ. ನೀನೇ ಹೊಟ್ಟೆಗೆ ಹಾಕ್ಕೋ" ಎಂದಿದ್ದ.

"ಹೊಟ್ಟೆಗೇ ಹಾಕ್ಕೊಂಡಿದೀನಿ. ಅದಕ್ಕೇ ತೊಳೆಸ್ತಿರೋದು."

ಹಾಗಾಗಿ ಈ ಸಲ ಅವಳು ರಾಗ ನೋಡಿ ಆರಿಸಲಿಲ್ಲ, ಉದ್ದ ನೋಡಿ ಆರಿಸಿದಳು. ಒಂದೇ ಪುಟದಲ್ಲಿ ಮುಗಿಯುವಂಥದ್ದು ಮಾತ್ರ. ಹಿಮ ಕರಗುವುದು ಬೇಡ, ನಾಲ್ಕು ಪುಟ, ಮೂರು ಸಲ ನೆಕ್ಕಾಟ. ಮಿಡತೆಯ ಕುಪ್ಪಳಿಕೆ ಇರಲಿ. ಹಗ್ಗದಾಟದ ಹುಡುಗಿಯರದ್ದು ಇರಲಿ. ತಂತಿಯ ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಕುಣಿಯುವುದಂತೂ ಅರ್ಧ ಪುಟ, ಬಂಗಾರ! ಎಲ್ಲವನ್ನೂ ಜೆರಾಕ್ಸ್ ಮಾಡಿಸಿ, ಗರಿಗರಿ ಬಿಳಿ ಹಾಳೆಗಳನ್ನು ಹೊಸ ಫೈಲಿನಲ್ಲಿಟ್ಟಳು. "ಈ ಸಲ ತಿರುವೋ ಕೆಲಸವೇ ಇಲ್ಲ ಭಾವ, ನೀವು ಆರಾಮಾಗಿ ಕೂತು ಕೇಳಿ" ಎಂದಾಗ ಅವರ ಮುಖ ಸಪ್ಪಗಾಯಿತು. ಅವಳು ನೋಡಿಯೂ ನೋಡದಂತಿದ್ದಳು.

ಕಾರ್ಯಕ್ರಮದ ದಿನ ಕೈ ತೊಳೆದು ಗ್ರಂಥಾಲಯದ ಸಭಾಂಗಣಕ್ಕೆ ಬಂದರೆ ಭಾವ ಪಿಯಾನೊ ಬಳಿ ನಿಂತಿದ್ದರು. "ಹಾಳೆ ಎಲ್ಲ ಹಿಂದುಮುಂದಾಗಿದ್ವಮ್ಮ. ಸಾಲಾಗಿ ಜೋಡಿಸಿಟ್ಟಿದೀನಿ."

ಒಂದೊಂದು ಬಿಳಿ ಹಾಳೆಯ ಮೂಲೆಯಲ್ಲೂ ಹೆಬ್ಬೆರಳಿನ ಒದ್ದೆ ಗುರುತು. ಮೇಲಿನದು ಇನ್ನೂ ಮಿರಮಿರ ಹೊಳೆಯುತ್ತಿತ್ತು.

"ಭಾವ, ಬೆರಳಿಗೆ ಎಂಜಲು ಹಚ್ಚಬೇಡಿ! ನಂಗೆ ಅಸಹ್ಯ ಆಗತ್ತೆ. ಒಂದು ದಿನ ಅಲ್ಲ, ಪ್ರತಿ ಸಲಾನೂ ವಾಕರಿಕೆ ಬರತ್ತೆ."

ಕುರ್ಚಿ ಹಾಕುತ್ತಿದ್ದ ಜವಾನ ತಿರುಗಿ ನೋಡಿದ. ಭಾವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು.

"ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು ಮೆಲ್ಲಗೆ. "ಬಟ್ಟೆ ಅಳೆದೂ ಅಳೆದೂ ಬೆರಳು ನುಣ್ಣಗಾಗಿಬಿಟ್ಟಿದೆ. ಹಾಳೆ ಹಿಡಿತಕ್ಕೆ ಸಿಗಲ್ಲ." ಹಿಂದಿನ ಸಾಲಿಗೆ ಹೋಗಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

ಅವಳು ಹಾಳೆಗಳನ್ನು ಕರವಸ್ತ್ರದಲ್ಲಿ ಹಿಡಿದು ಪಕ್ಕಕ್ಕಿಟ್ಟು, ನೆನಪಿನಿಂದಲೇ ನುಡಿಸಿದಳು. ಮಿಡತೆ ಒಂದೆಡೆ ಎಡವಿತು, ಯಾರಿಗೂ ತಿಳಿಯಲಿಲ್ಲ. ಬಟ್ಟೆ ಕುಣಿದಾಗ ಜನ ನಕ್ಕರು. ಮೇಲ್ವಿಚಾರಕಿ ಕೈಹಿಡಿದು ಕುಲುಕಿದರು: "ಎಷ್ಟು ಚೆನ್ನಾಗಿ ಆರಿಸಿದೀರಿ ಮೇಡಂ! ಇದಕ್ಕೆಲ್ಲ ಒಳ್ಳೆ ಮನಸ್ಸಿರಬೇಕು." ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ರಾತ್ರಿ ಊಟವಾದ ಮೇಲೆ ಭಾವ ಎಂದಿನಂತೆ ಕಿತ್ತಳೆ ಸುಲಿದರು. ಎಂದಿನಂತೆ ಮೊದಲ ತೊಳೆಯನ್ನು ಅವಳತ್ತ ಚಾಚಿದವರು ಅರ್ಧದಲ್ಲೇ ತಡೆದು, ಅದನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಕೈಯನ್ನು ಪಂಚೆಗೆ ಒರೆಸಿಕೊಂಡರು. ಗಂಡ ಇಬ್ಬರ ಮುಖವನ್ನೂ ನೋಡಿದ.

"ಕೊಡಿ ಭಾವ" ಎಂದಳು.

"ಬೇಡಮ್ಮ. ನೀನೇ ಬೇರೆ ಸುಲಕೋ."

"ಕೊಡಿ ಅಂದ್ನಲ್ಲ."

ಅವರ ತಟ್ಟೆಯಿಂದ ತಾನೇ ತೆಗೆದು ಬಾಯಿಗೆ ಹಾಕಿಕೊಂಡಳು. ಸಿಹಿಯ ಜೊತೆ ಲವಂಗದ ವಾಸನೆ ಬಂತು. ಭಾವ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದರು. ಉಗಿಯದೆ, ಮುಖ ಕಿವುಚದೆ, ಅವಳು ಕಷ್ಟಪಟ್ಟು ನುಂಗಿದಳು.