ದಡದ ಕಡೆಯ ಅರ್ಧ

ಸರೋವರ ಹೆಪ್ಪುಗಟ್ಟಿದ ಮೇಲೆ ದಡದಿಂದ ನಡುವಿನ ದ್ವೀಪಕ್ಕೆ ಅದರ ಬೆನ್ನ ಮೇಲೊಂದು ದಾರಿ ಹುಟ್ಟುತ್ತಿತ್ತು. ಹಬ್ಬ ಮುಗಿಸಿ ಮನೆಮನೆಯವರು ಬಿಸಾಡಿದ ಕ್ರಿಸ್‌ಮಸ್ ಮರಗಳನ್ನು ಮಂಜುಗಡ್ಡೆಯಲ್ಲಿ ತೂತು ಕೊರೆದು ಸಾಲಾಗಿ ನಿಲ್ಲಿಸಿದರೆ, ಎಂಥ ಬಿರುಗಾಳಿಯಲ್ಲೂ ದಾರಿ ತಪ್ಪುತ್ತಿರಲಿಲ್ಲ. ದಡದ ಕಡೆಯ ಅರ್ಧ ನೆಡುವುದು ಕೌಂಟಿಯ, ಅಂದರೆ ಜಿಲ್ಲಾಡಳಿತದ, ಆಳುಗಳ ಕೆಲಸ, ಆಚೆಯ ಅರ್ಧ ದ್ವೀಪದವರದ್ದು. ನಡುವೆ ಎದುರಾದಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು.

ಒಂದು ಕಾಲಕ್ಕೆ ಕೌಂಟಿಯ ಕೋರ್ಟು ಕಚೇರಿಯೆಲ್ಲ ದ್ವೀಪದಲ್ಲೇ ಇದ್ದವು. ರೈಲು ದಡಕ್ಕೆ ಬಂದದ್ದೇ ತಡ, ಕಾಗದಪತ್ರಗಳನ್ನು ಜಾರುಬಂಡಿಗೆ ಹೇರಿಕೊಂಡು ಸರ್ಕಾರ ಈಚೆಗೆ ಬಂತು. ಜನರೂ ಒಬ್ಬೊಬ್ಬರಾಗಿ ಅದರ ಹಿಂದೆ ಬಂದರು. ಕೊನೆಗೆ ಅಲ್ಲಿ ಉಳಿದವನು ಟೊಯ್ವೊ ಒಬ್ಬನೇ.

ಅವನ ಅಕ್ಕ ಸೆಲ್ಮಾ ಕೌಂಟಿ ಮಂಡಳಿಯ ಐವರಲ್ಲಿ ಒಬ್ಬಳು. ಒಬ್ಬನಿಗಾಗಿ ಇಷ್ಟು ಖರ್ಚೇಕೆ, ದ್ವೀಪದ ದಾರಿ ನಿಲ್ಲಿಸೋಣವೆಂಬ ಮಾತು ಬಂದಾಗ ಇಬ್ಬರು ಹೂಂ ಎಂದರು, ಇಬ್ಬರು ಊಹೂಂ ಎಂದರು. ಸೆಲ್ಮಾ ನಿಲ್ಲಿಸಿ ಎಂದಳು. ದಾರಿ ಇಲ್ಲದಿದ್ದರೆ ತಮ್ಮ ಹಟ ಬಿಟ್ಟು ಬಂದಾನು, ಮುಪ್ಪಿನಲ್ಲಿ ತನ್ನ ಕಣ್ಣೆದುರಿಗೆ ಇದ್ದಾನು ಎಂಬುದೊಂದೇ ಅವಳ ಆಸೆ.

ಅಂದೇ ಅವನ ಫೋನು ಬಂತು.

"ನನ್ನ ದಾರಿಗೆ ನೀನೇ ಕಲ್ಲು ಹಾಕಿದ್ಯಲ್ಲೇ ಅಕ್ಕ."

"ಬಾರೋ ಈಚೆಗೆ. ಒಬ್ಬನೇ ಗೂಬೆ ಥರ ಅಲ್ಲಿ ಏನ್ ಮಾಡ್ತೀಯ?"

"ಗೂಬೆಗೆ ನಿಮ್ಮ ಮೀಟಿಂಗು ಕೇಳೋ ಕರ್ಮ ಇಲ್ಲ. ನಿಮ್ಮ ಅರ್ಧಾನೂ ನಾನೇ ನೆಡ್ತೀನಿ. ಕೋರ್ಟಿನ ಗೋಪುರ ಕಾಣುತ್ತಲ್ಲ, ನೆಟ್ಟಗೆ ಅದರ ಕಡೆಗೇ ಸಾಲು ಹೊಡೆದ್ರಾಯ್ತು. ಶನಿವಾರ ಬಂದು ನಿನ್ನನ್ನ ಚೆನ್ನಾಗಿ ಬೈದು ಹೋಗ್ತೀನಿ."

"ಬೈಯೋಕಾದ್ರೂ ಬಾ," ಎಂದು ನಕ್ಕಳು. ಮಂಜಿನ ಮೇಲೆ ಹುಟ್ಟಿ ಬೆಳೆದವನು, ಅವನಿಗೇನು ಹೇಳಿಕೊಡುವುದು ಎಂದುಕೊಂಡಳು.

ಶನಿವಾರ ಬೆಳಿಗ್ಗೆ ದಡಕ್ಕೆ ಹೋಗಿ ನೋಡಿದರೆ, ಮರಗಳ ಸಾಲು ಗೆರೆ ಎಳೆದಂತೆ ನೇರವಾಗಿ ಬರುತ್ತಿತ್ತು. ಸೆಲ್ಮಾ ಮಂಜಿನ ಅಂಚಿಗೆ ಓಡಿದಳು. ದ್ವೀಪದ ಕಡೆ ಮಂಜು ಎಲ್ಲೆಡೆ ಒಂದೇ ದಪ್ಪ. ಮರ ನೆಡುವ ತೂತಿನಲ್ಲಿ ನೋಡಿದರೆ ಸಾಕು. ಈಚೆ ಹಾಗಲ್ಲ. ಹೊಳೆ ಬಂದು ಸೇರುವ ಕಡೆ ನೀರಿನ ಸೆಳೆತ ಅಡಿಯಿಂದ ಮಂಜನ್ನು ತಿನ್ನುತ್ತದೆ, ಒಂದೊಂದು ವರ್ಷ ಒಂದೊಂದು ಜಾಗದಲ್ಲಿ. ದಡದ ಆಳುಗಳು ಮರಕ್ಕೂ ಮರಕ್ಕೂ ನಡುವೆ ಕೊರೆದು ಕೊರೆದು ನೋಡಿ, ದಾರಿಯನ್ನು ಸುತ್ತು ಬಳಸಿ ತರುತ್ತಿದ್ದರು. ಟೊಯ್ವೊ ಆ ಅರ್ಧದಲ್ಲಿ ಒಂದು ಮರವನ್ನೂ ನೆಟ್ಟವನಲ್ಲ. ಯಾರೋ ನೆಟ್ಟ ಮರಗಳನ್ನು ನಂಬಿ ಓಡಾಡಿದವನು.

ಅವನು ಜಾರುಬಂಡಿ ಎಳೆದುಕೊಂಡು ಬರುವುದು ಕಂಡಿತು. ಸೆಲ್ಮಾ ಕೂಗಿದಳು. ಗಾಳಿ ಅವಳ ಮಾತನ್ನು ಹಿಂದಕ್ಕೇ ಒಯ್ದಿತು. ಎರಡೂ ಕೈ ಬೀಸಿ ಹೋಗು ಹೋಗು ಎಂದಳು. ಅವನು ಟೊಪ್ಪಿ ತೆಗೆದು ತಾನೂ ಬೀಸಿದ, ಇನ್ನಷ್ಟು ಬಿರುಸಾಗಿ ಹೆಜ್ಜೆ ಹಾಕಿದ. ಆಮೇಲೆ ಅಲ್ಲಿ ಅವನಿರಲಿಲ್ಲ. ಜಾರುಬಂಡಿಯ ಹಿಂಬದಿ ಒಂದು ಗಳಿಗೆ ಮೇಲೆದ್ದು ನಿಂತು, ಅದೂ ಹೋಯಿತು. ಹೊತ್ತು ತಂದಿದ್ದ ಮರಗಳು ಮಾತ್ರ ಕಪ್ಪು ನೀರಲ್ಲಿ ತೇಲುತ್ತಿದ್ದವು.

ಮುಂದಿನ ಸಭೆಯಲ್ಲಿ ಸೆಲ್ಮಾ, ದ್ವೀಪದ ದಾರಿ ಮತ್ತೆ ತೆರೆಯಬೇಕು ಎಂದಳು. ಯಾರೂ ಅವಳ ಮುಖ ನೋಡಲಿಲ್ಲ.

ಅಧ್ಯಕ್ಷ ಕ್ಲಾರೆನ್ಸ್ ಮೆಲ್ಲಗೆ ಕೇಳಿದ: "ಯಾರಿಗೆ ಸೆಲ್ಮಾ? ಅಲ್ಲಿ ಈಗ ಯಾರಿದ್ದಾರೆ ಹೇಳಿ."

ಆಮೇಲೆ ಅವನು ಕಸದ ಗುತ್ತಿಗೆಯ ವಿಷಯ ಎತ್ತಿಕೊಂಡ.