ಉಡುದಾರದ ಬೀಗದ ಕೈ

ಕವನಾ ಕೊಟ್ಟ ಮೊದಲ ಡೆಮೊ ಕ್ಲಾಸು ಹಾಸನದಲ್ಲಿ ಮಕ್ಕಳ ಗಲಾಟೆಯಲ್ಲಿ ಮುಳುಗಿತ್ತು. ಎರಡನೆಯದು ಚನ್ನರಾಯಪಟ್ಟಣದಲ್ಲಿ, ಮಕ್ಕಳ ಮೌನದಲ್ಲಿ. ಮೂರನೆಯದಕ್ಕೆಂದು ಅರಕಲಗೂಡಿನ ಬಸ್ಸು ಹತ್ತುವಾಗ ಅವ್ವ ಮಲ್ಲಿಗಮ್ಮ, "ಇದೂ ಆಗ್ನಿಲ್ಲ ಅಂದ್ರೆ ಗಾರ್ಮೆಂಟ್ಸಿಗೆ ಓಗೀವಂತೆ ಬುಡು. ಅಲ್ಲಿ ಯಾರೂ ನಿನ್ನ ಪಾಠ ಕೇಳಾಕಿಲ್ಲ" ಎಂದು ಸಮಾಧಾನ ಹೇಳಿದ್ದಳು. ಬಿ.ಎಡ್. ಮುಗಿಸಿದ ಮಗಳಿಗೆ ಆ ಸಮಾಧಾನ ದಾರಿಯುದ್ದಕ್ಕೂ ಚುಚ್ಚುತ್ತಲೇ ಇತ್ತು.

ಅಪ್ಪ ಚೆನ್ನಯ್ಯ ಊರಲ್ಲಿರಲಿಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಅವನು ಯಾವತ್ತೂ ಊರಲ್ಲಿರುವವನಲ್ಲ. ಸೊಪ್ಪನ್ನು ಕಾವಿನಲ್ಲಿ ಬೇಯಿಸುವ ಮುಚ್ಚಿದ ಕೋಣೆಗಳ, ಅಂದರೆ ಬ್ಯಾರನ್ನುಗಳ, ಬೆಂಕಿ ನೋಡುವುದರಲ್ಲಿ ಅವನ ಕೈಗೆ ಹೆಸರಿತ್ತು. ಹತ್ತಾರು ಮೈಲಿಯಾಚೆಯ ಊರಿನವರೂ ಬಂದು ಕರೆದೊಯ್ಯುತ್ತಿದ್ದರು.

ಶಾಲೆಯ ಮುಖ್ಯೋಪಾಧ್ಯಾಯಿನಿ ಪ್ರೇಮಕುಮಾರಿ ಕವನಾಳ ಅರ್ಜಿಯನ್ನು ಒಮ್ಮೆ ಮಗುಚಿ ನೋಡಿದರು.

"ಇಂಗ್ಲಿಷ್ ಮಿಸ್ ಬಾಣಂತನಕ್ಕೆ ಹೋಗ್ತಿದಾರೆ. ಮಾರ್ಚಿನ ತನಕ ಕೆಲಸ. ಏಳನೇ ಕ್ಲಾಸಿಗೆ ಇಪ್ಪತ್ತು ನಿಮಿಷ ಪಾಠ ಮಾಡಿ. ಕಾಸೇಟಿವ್ ವರ್ಬ್ಸ್. ಕನ್ನಡ ಆದಷ್ಟೂ ಬೇಡ."

ಇನ್ನೊಬ್ಬರಿಂದ ಕೆಲಸ ಮಾಡಿಸುವ ಕ್ರಿಯಾಪದಗಳು. ಕವನಾ ಬೋರ್ಡಿನ ಮೇಲೆ ನಾಲ್ಕನ್ನು ಸಾಲಾಗಿ ಬರೆದಳು: ಮೇಕ್, ಹ್ಯಾವ್, ಗೆಟ್, ಲೆಟ್. ಮೇಕ್ ಅಂದರೆ ಬಲವಂತದಿಂದ ಮಾಡಿಸುವುದು, ಹ್ಯಾವ್ ಅಂದರೆ ಹೇಳಿ ಮಾಡಿಸುವುದು, ಗೆಟ್ ಅಂದರೆ ಹೇಗೋ ಒಪ್ಪಿಸಿ ಮಾಡಿಸುವುದು, ಲೆಟ್ ಅಂದರೆ ಮಾಡಲು ಬಿಡುವುದು. ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂತಿದ್ದ ಹೆಡ್‌ಮಿಸ್ಸಿನ ಕಡೆ ನಲವತ್ತು ಮಕ್ಕಳೂ ಕಳ್ಳನೋಟ ಬೀರಿ ಮತ್ತೆ ತಲೆ ತಗ್ಗಿಸಿದರು. ಉದಾಹರಣೆ ಕೊಡಿ ಎಂದಳು. ಯಾರೂ ತುಟಿ ಎರಡು ಮಾಡಲಿಲ್ಲ. ಮತ್ತೆ ಕೇಳಿದಳು, ದನಿ ಏರಿಸಿ. ಚನ್ನರಾಯಪಟ್ಟಣದ ಮೌನವೇ ಬಸ್ಸು ಹತ್ತಿ ಬೆನ್ನಿಗೆ ಬಂದಂತಿತ್ತು.

ಎರಡನೇ ಸಾಲಿನ ಹುಡುಗಿಯೊಬ್ಬಳು ಕೊನೆಗೂ ಎದ್ದಳು. ಹೆಸರು ಮೇಘಶ್ರೀ.

"ಮೈ ಗ್ರ್ಯಾಂಡ್‌ಫಾದರ್ ಮೇಕ್ಸ್ ಚೆನ್ನಯ್ಯ ವರ್ಕ್."

ವಾಕ್ಯ ಸರಿಯಾಗಿತ್ತು. ಎಲ್ಲಿಯೂ ತಪ್ಪು ಹಿಡಿಯುವಂತಿರಲಿಲ್ಲ. ಕವನಾಳ ಸೀಮೆಸುಣ್ಣ ಮಾತ್ರ ಬೋರ್ಡಿಗೆ ತಾಗಿದಲ್ಲೇ ನಿಂತಿತು. ಆ ಹೆಸರನ್ನು ಅವಳು ಎಷ್ಟು ಅರ್ಜಿಗಳಲ್ಲಿ ಬರೆದಿರಲಿಲ್ಲ! ಹಾಸ್ಟೆಲಿಗೆ, ಸ್ಕಾಲರ್‌ಶಿಪ್ಪಿಗೆ, ಈಗ ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ಸಿನ ಬಳಿಯಿರುವ ಆ ಕಾಗದದಲ್ಲಿ. ಚೆನ್ನಯ್ಯ ಎಂಬುವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಇವನು ಬೇರೆಯವನಿರಬಹುದು. ವೆರಿ ಗುಡ್ ಎಂದು ಕೂರಿಸಿ ಮುಂದೆ ಹೋಗಬಹುದು.

ಅವಳು ವಾಕ್ಯವನ್ನು ಬರೆದಳು. ಆಮೇಲೆ ತಿರುಗಿ ಕನ್ನಡದಲ್ಲೇ ಕೇಳಿದಳು.

"ಏನು ಕೆಲಸ ಮಾಡ್ತಾರೆ ಚೆನ್ನಯ್ಯ?"

"ಬ್ಯಾರನ್ ಬೆಂಕಿ ನೋಡ್ಕತಾನೆ ಮಿಸ್."

"ನಿಮ್ಮ ತಾತ ಹೇಳ್ದಂಗೆ ಬೆಂಕಿ ಹಾಕ್ತಾರಾ?"

ಮೇಘಶ್ರೀ ಕಿಸಕ್ಕನೆ ನಕ್ಕಳು. "ಎಲ್ಲಿ ಮಿಸ್! ತಾತನ್ನ ಬಾಗ್ಲತ್ರಕ್ಕೇ ಬುಡಲ್ಲ."

"ಯಾಕೆ?"

"ಹೋದ್ವರ್ಷ ಹೊಳೆನರಸೀಪುರದಿಂದ ನಮ್ಮತ್ತೆ ಮನೆಯವ್ರು ಬಂದಿದ್ರು. ಸೊಪ್ಪು ಹೆಂಗದೆ ಬನ್ನಿ ತೋರಿಸ್ತೀನಿ ಅಂತ ತಾತ ಎರಡನೇ ದಿನವೇ ಬ್ಯಾರನ್ ಬಾಗ್ಲು ತಗದ್ಬುಟ್ರು. ಎಲ್ಲಾರೂ ಒಳಗೋಗಿ ಫೋಟೊ ತಕ್ಕಂಡ್ರು. ಕಾವೆಲ್ಲ ಹೋಗಿ ಸೊಪ್ಪು ಹಳದಿ ಆಗ್ಲೇ ಇಲ್ಲ ಮಿಸ್, ಹಸಿರಸಿರು ಹಂಗೇ ಒಣಗೋಯ್ತು. ಆವಾಗ ಚೆನ್ನಯ್ಯ ಟವಲ್ ಕೊಡವ್ಕಂಡು ಊರಿಗೆ ಹೊಂಟ. ತಾತನೇ ಬಸ್ ಸ್ಟಾಪ್ ಗಂಟ ಹಿಂದೆ ಓಡಿದ್ರು. ಈಗ ಬೀಗದ ಕೈ ಚೆನ್ನಯ್ಯನ ಉಡುದಾರದಲ್ಲದೆ."

ತರಗತಿ ಗೊಳ್ಳೆಂದಿತು. "ನಮ್ಮನೇಲೂ ಅಂಗೇ ಮಿಸ್!" ಕಿಟಕಿ ಪಕ್ಕದಿಂದ ಒಂದು ದನಿ. "ನಮ್ಮಜ್ಜಿ ಇಣುಕಿದ್ಕೇ ಬೈಸ್ಕಂಡ್ಳು!" ಇನ್ನೊಂದು.

ಅವತ್ತು ಅಪ್ಪ ಊರಿಗೆ ಹಿಂತಿರುಗದೆ ಬಸ್ ಸ್ಟಾಪಿನಿಂದಲೇ ಕೆಲಸಕ್ಕೆ ವಾಪಸು ಹೋದ ಕಥೆಯನ್ನು ಕವನಾ ಫೋನಿನಲ್ಲಿ ಅರ್ಧ ಕೇಳಿದ್ದಳು. ಇವನು ಬೇರೆಯವನಲ್ಲ. ಚಿಕ್ಕವಳಿದ್ದಾಗ ಒಲೆಯ ಬಾಯಿಗೆ ಸೌದೆ ತುರುಕಲು ಹೋದವಳ ಕೈ ಹಿಡಿದು ಅವನು ಹೇಳಿದ್ದೂ ನೆನಪಾಯಿತು: "ಸೊಪ್ಪಿಗೆ ಬಣ್ಣ ನಾವು ಬರ್ಸಕ್ಕಾಗಾಕಿಲ್ಲ ಕಣವ್ವ. ಅದು ಬರೋಗಂಟ ಕಾಯ್ಬೇಕು."

ಅವಳು ದನಿ ಇಳಿಸಿದಳು. "ಈಗ ಹೇಳಿದ್ದನ್ನ ಇಂಗ್ಲಿಷಲ್ಲಿ ಹೇಳಿ ನೋಡೋಣ. ತಪ್ಪಾದ್ರೆ ಆಗ್ಲಿ."

ಹೇಳಿ ಕಾದಳು. ಒಬ್ಬ ಅರ್ಧ ಹೇಳಿ ನಿಂತ, ಪಕ್ಕದವಳು ಮುಂದುವರಿಸಿದಳು, ಮೂರನೆಯವನು ಎಲ್ಲವನ್ನೂ ಕೆಡಿಸಿ ತಾನೇ ನಕ್ಕ. ಐದಾರು ಬಾಯಿ ದಾಟಿದ ಮೇಲೆ ವಾಕ್ಯ ನೆಟ್ಟಗೆ ನಿಂತಿತು: ಚೆನ್ನಯ್ಯ ಡಸ್ ನಾಟ್ ಲೆಟ್ ಗ್ರ್ಯಾಂಡ್‌ಫಾದರ್ ಓಪನ್ ದ ಡೋರ್.

ಕವನಾ ಅದನ್ನು ಮೊದಲಿನದರ ಕೆಳಗೇ ಬರೆದಳು. ಮೊದಲಿನದನ್ನು ಅಳಿಸಲಿಲ್ಲ.

"ಯಾವ್ದು ಸರಿ ಮಿಸ್?" ಕಿಟಕಿ ಪಕ್ಕದ ಹುಡುಗ ಕೇಳಿದ.

"ಎರಡೂ ಸರಿ." ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ಸಿನ ಪೆನ್ನು ಎದ್ದು ನಿಂತಿತ್ತು. "ಆ ಚೆನ್ನಯ್ಯ ನಮ್ಮಪ್ಪ."

ಮೇಘಶ್ರೀ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕೈ ತೆಗೆದಾಗ ಅವಳ ಮುಖ ಕೆಂಪಗಾಗಿತ್ತು.

"ಮಿಸ್, ನಿಮ್ಮಪ್ಪ ನಂಗೆ ಒಲೇಲಿ ಗೆಣಸು ಸುಟ್ಟು ಕೊಡ್ತಾರೆ."

"ನಂಗೂ ಕೊಡ್ತಿದ್ರು," ಎಂದಳು ಕವನಾ. "ಇದನ್ನ ಇಂಗ್ಲಿಷಲ್ಲಿ ಯಾರು ಹೇಳ್ತೀರಾ?" ಹತ್ತು ಕೈ ಮೇಲೆದ್ದವು. ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಕೊಠಡಿಯಲ್ಲಿ ಪ್ರೇಮಕುಮಾರಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಕನ್ನಡ ಜಾಸ್ತಿ ಆಯ್ತು ಕಣಮ್ಮ. ಇಪ್ಪತ್ತು ನಿಮಿಷ ಹೋಗಿ ಮೂವತ್ತೈದು ಆಯ್ತು. ಹ್ಯಾವ್, ಗೆಟ್ ಎರಡಕ್ಕೂ ಒಂದು ಉದಾಹರಣೆನೂ ಬರಲಿಲ್ಲ."

ಕವನಾ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅದನ್ನ ಸೋಮವಾರ ಮುಗಿಸಿ. ಆ ಕಿಟಕಿ ಪಕ್ಕದ ಹುಡುಗ ಜೂನಿಂದ ಇವತ್ತೇ ಬಾಯಿಬಿಟ್ಟಿದ್ದು." ಪ್ರೇಮಕುಮಾರಿ ಅರ್ಜಿಯ ಮೂಲೆಯಲ್ಲಿ ಸಹಿ ಹಾಕಿದರು.

ಬಸ್ ನಿಲ್ದಾಣದಲ್ಲಿ ಅವಳು ಅಪ್ಪನಿಗೆ ಫೋನು ಮಾಡಿದಳು. ಎತ್ತುವ ಹೊತ್ತಿಗೆ ಏಳೆಂಟು ರಿಂಗಾಗಿತ್ತು.

"ಆಯ್ತಪ್ಪ. ಸೋಮವಾರ್ದಿಂದ ಬಾ ಅಂದವ್ರೆ."

ಆ ಕಡೆ ಸೌದೆ ಚಟಗುಟ್ಟುತ್ತಿತ್ತು. ಅಪ್ಪ ಮೂಗು ಒರೆಸಿಕೊಂಡಂತಿತ್ತು. "ಹೊಗೆ ಕಣವ್ವ," ಎಂದ, ಅವಳು ಕೇಳದಿದ್ದರೂ. "ನಿಮ್ಮವ್ವಂಗೆ ಹೇಳ್ದಾ? ಮೊದ್ಲು ಅವಳ್ಗೇಳು. ನಾನು ಈ ಬ್ಯಾರನ್ ಸೊಪ್ಪು ಇಳಿಸ್ಬುಟ್ಟು ಬತ್ತೀನಿ."

ದೂರದಲ್ಲಿ ಯಾರೋ ವಯಸ್ಸಾದವರು, ಮೇಘಶ್ರೀಯ ತಾತನೇ ಇರಬೇಕು, ಬಾಗಿಲು ತೆಗೆಯಬಹುದೇ ಎಂದು ಕೇಳಿದರು. ಅಪ್ಪ ಫೋನನ್ನು ಎದೆಗೆ ಒತ್ತಿಕೊಂಡರೂ ಮಾತು ಸ್ಪಷ್ಟವಾಗಿ ಕೇಳಿಸಿತು.

"ಇಲ್ಲ ದೇವರಾಜಣ್ಣ, ಇವತ್ತಾಗಾಕಿಲ್ಲ. ನಾಳಿಕ್ಕೆ ಬನ್ನಿ, ನಾನೇ ತಗದು ತೋರಿಸ್ತೀನಿ."