ಕಾಸರಕದ ಬುಡದ ಕಲ್ಲು

ಒಂದು ದಿನ ಕಾಡಿಗೆ ಹೋಗಿ ಬರಲು ಈ ಕ್ಯಾಮೆರಾ ಕ್ಲಬ್ಬಿನವರು ಮೂರು ಮೀಟಿಂಗ್ ಮಾಡಿದರು. ಎರಡು ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ, ಮೂರನೆಯದು ಕಾಪುವಿನ ಲೈಟ್‌ಹೌಸಿನ ಹತ್ತಿರ, ವಲೇರಿಯನ್ ಸರ್ ಮನೆಯ ಸಿಟೌಟಿನಲ್ಲಿ. ಮೂರಕ್ಕೂ ನನ್ನನ್ನು ಕರೆದಿದ್ದರು. ಟೆಂಪೋ ಟ್ರಾವೆಲರ್ ಓಡಿಸುವವನನ್ನು ಮೀಟಿಂಗಿಗೆ ಯಾರಾದರೂ ಕರೆಯುತ್ತಾರೆಯೇ? ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಯಾವ ಹಳ್ಳ ಎಲ್ಲಿ ತಿರುಗುತ್ತದೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅದಕ್ಕೆ ಕರೆದರು.

ವಲೇರಿಯನ್ ಸರ್ ಮೂವತ್ತು ವರ್ಷ ಬಹರೈನಿನಲ್ಲಿ ದುಡಿದು ಬಂದವರು. ಕ್ಯಾಮೆರಾ ಕ್ಲಬ್ಬಿಗೆ ಅವರೇ ಅಧ್ಯಕ್ಷರು, ಅವರೇ ಕಾರ್ಯದರ್ಶಿ. ಮಲ್ಪೆಯ ಮೀನಿನ ಏಲಂ, ಕಾರ್ಕಳದ ಬಸದಿ, ಕಾಪುವಿನ ಸೂರ್ಯಾಸ್ತ ಎಲ್ಲವನ್ನೂ ತೆಗೆದು ಮುಗಿಸಿದ್ದರು. ಎಲ್ಲದಕ್ಕೂ ನನ್ನದೇ ಗಾಡಿ. ಮನುಷ್ಯ ಒಳ್ಳೆಯವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ಕೇಳಿ ಯಾರೂ ಅವರನ್ನು ಬೈಯಬೇಕಾಗಿಲ್ಲ. ಬೈಯುವುದಿದ್ದರೆ ಬೇರೆಯವರಿದ್ದಾರೆ.

"ಈ ಸಲದ ಪ್ರದರ್ಶನಕ್ಕೆ ಬೆಟ್ಟವೇ ಆಗಬೇಕು" ಎಂದರು ಸರ್. "ಆದರೆ ಎಲ್ಲರೂ ಹೋಗುವ ಜಾಗ ಬೇಡ ಮಾರಾಯ್ರೇ. ಮನುಷ್ಯನ ವಾಸನೆಯೇ ಇಲ್ಲದ ಜಾಗ ಬೇಕು. ಅಂಥದ್ದು ಉಂಟಾ ದೇವದಾಸ್?"

"ಹೊನ್ನೆಜಡ್ಡು ಅಂತ ಒಂದು ಉಂಟು ಸರ್."

"ನಿಮಗೆ ಹೇಗೆ ಗೊತ್ತು ಅಣ್ಣ?" ಎಂದು ಕೇಳಿದವರು ಚೈತಾಲಿ ಮೇಡಂ, ಮಣಿಪಾಲದ ಕಾಲೇಜಿನಲ್ಲಿ ಪಾಠ ಮಾಡುವವರು. ಕ್ಲಬ್ಬಿನಲ್ಲಿ ನನ್ನನ್ನು ಅಣ್ಣ ಎಂದು ಕರೆಯುವುದು ಅವರೊಬ್ಬರೇ.

"ಮೊದಲು ಹೋಗ್ತಾ ಇದ್ದೆ" ಎಂದೆ.

ಸುಳ್ಳಲ್ಲ. ಮನೆಗೆ ದಿನಾ ಹೋಗುತ್ತಾರಲ್ಲ, ಹಾಗೆ ಹೋಗುತ್ತಿದ್ದೆ. ಹೊನ್ನೆಜಡ್ಡಿನ ನಾಲ್ಕು ಮನೆಗಳಲ್ಲಿ ಒಂದು ನಮ್ಮದು. ಆದರೆ ಅದನ್ನು ಅಲ್ಲಿ ಹೇಳಿದ್ದರೆ ಎಲ್ಲರೂ ಚಹಾದ ಲೋಟ ಕೆಳಗಿಟ್ಟು ಪಾಪದ ಮುಖ ಮಾಡುತ್ತಿದ್ದರು. ನನ್ನನ್ನು ಅಲ್ಲಿಂದ ಯಾರೂ ಓಡಿಸಲಿಲ್ಲ. ಪರಿಹಾರ ತೆಗೆದುಕೊಂಡು ಹೊರಗೆ ಬರುವುದಾದರೆ ಬನ್ನಿ ಎಂದರು, ನಾಲ್ಕು ಮನೆಯಲ್ಲಿ ಮೊದಲು ಸಹಿ ಹಾಕಿದವನು ನಾನು. ಹೆರಿಗೆ ನೋವು ಬಂದ ಹೆಂಡತಿ ಕುಶಲಾಳನ್ನು ಕುರ್ಚಿಯಲ್ಲಿ ಕೂರಿಸಿ ಎರಡು ಮೈಲಿ ಹೊತ್ತವನಿಗೆ ಕಾಡಿನ ಸೌಂದರ್ಯದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾರ್ಕಳದ ಹತ್ತಿರ ಸಾಣೂರಿನಲ್ಲಿ ಮನೆ ಕಟ್ಟಿದೆ, ಗಾಡಿ ಕೊಂಡೆ, ಮಗಳು ಪ್ರಣೀತಾ ಬಸ್ಸಿನಲ್ಲಿ ಶಾಲೆಗೆ ಹೋದಳು. ಆ ಸಹಿಗೆ ನಾನು ಇವತ್ತಿಗೂ ಪಶ್ಚಾತ್ತಾಪ ಪಡುವುದಿಲ್ಲ.

ಒಪ್ಪದೆ ಕುಳಿತವಳು ಅಮ್ಮ ಒಬ್ಬಳೇ. ಅವಳ ಸಂಕಟ ಮನೆಯದ್ದಲ್ಲ, ದೈವದ್ದು. ಮನೆಯ ಹಿಂದೆ ಕಾಸರಕದ ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಅದೇ ನಮ್ಮ ಕುಟುಂಬದ ಪಂಜುರ್ಲಿ. ಜೊತೆಗೆ ತರಬಹುದೇ ಎಂದು ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿದರೆ, ದೈವ ಮಣ್ಣು ಬಿಟ್ಟು ಬರುವುದಿಲ್ಲ ಎಂದು ಬಂತು. ಕೊನೆಗೆ ಅಮ್ಮ ಒಂದು ಮಾತಿನ ಮೇಲೆ ಹೆಬ್ಬೆಟ್ಟು ಒತ್ತಿದಳು. ಪ್ರತಿ ವರ್ಷ ದೀಪಾವಳಿ ಕಳೆದು ಬರುವ ಸಂಕ್ರಮಣಕ್ಕೆ ನಾನು ಹೋಗಬೇಕು, ಕಲ್ಲು ತೊಳೆಯಬೇಕು, ದೀಪ ಇಟ್ಟು ಭತ್ತದ ಹೊದಳು, ತೆಂಗಿನಕಾಯಿ ಬಡಿಸಿ ತಂಬಿಲದ ಸೇವೆ ಕೊಡಬೇಕು, ಗಂಧ ತಂದು ಅವಳ ಕೈಗೆ ಹಾಕಬೇಕು. "ಆಯಿತು" ಎಂದೆ. ನಾನು ಹೂಂ ಎಂದದ್ದಕ್ಕೆ ಅವಳು ಹೆಬ್ಬೆಟ್ಟು ಒತ್ತಿದ್ದು.

ಮೂರು ವರ್ಷ ಹೋದೆ. ನಾಲ್ಕನೆಯ ವರ್ಷ ಉದ್ಯಾವರದ ಅಯ್ಯಪ್ಪ ಮಾಲೆಯವರು ಗಾಡಿ ಕೇಳಿದರು. ಶಬರಿಮಲೆಯ ಸೀಸನ್ ಶುರುವಾಗುವುದು ಅದೇ ಸಂಕ್ರಮಣಕ್ಕೆ. ಒಂದು ದೇವರ ಬಾಡಿಗೆಗೆ ಇನ್ನೊಂದು ದೈವದ ಬಾಕಿ ಉಳಿಯಿತು. ಬೆಳಿಗ್ಗೆ ಕಡಿಯಾಳಿ ದೇವಸ್ಥಾನಕ್ಕೆ ಹೋಗಿ ಗಂಧ ತಂದೆ, ಅಂಗಡಿಯಲ್ಲಿ ಕಾಯಿ ಕೊಂಡು ಗಾಡಿಯ ಹಿಂದೆ ನಿಂತು ಒಡೆದೆ, ಬಾಳೆ ಎಲೆಯಲ್ಲಿ ಸುತ್ತಿ ಅಮ್ಮನಿಗೆ ಕೊಟ್ಟೆ. ಅವಳು ಕಣ್ಣಿಗೆ ಒತ್ತಿಕೊಂಡಳು. ಇಷ್ಟು ಸುಲಭ ಎಂದು ನನಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಕೊರೊನಾ. ಗಾಡಿ ಅಂಗಳದಲ್ಲೇ ನಿಂತಿತ್ತು, ಒಂದೇ ಒಂದು ಬಾಡಿಗೆ ಇರಲಿಲ್ಲ. ಆಗಲಾದರೂ ಹೋಗಬಹುದಿತ್ತು. ಹೋಗಲಿಲ್ಲ. ಒಂದು ವರ್ಷ ತಪ್ಪಿಸಿದವನಿಗೆ ಆ ಕಲ್ಲಿನ ಮುಂದೆ ನಿಲ್ಲಲು ನಾಚಿಕೆ, ನಾಚಿಕೆಗೆ ಇನ್ನೊಂದು ವರ್ಷ. ಹೀಗೆ ಐದು ವರ್ಷ ಕಡಿಯಾಳಿಯ ಗಂಧ ಹೊನ್ನೆಜಡ್ಡಿನದ್ದಾಯಿತು. ಅಮ್ಮ ಅದನ್ನು ಪೌಡರಿನ ಖಾಲಿ ಡಬ್ಬಿಯಲ್ಲಿ ಒಣಗಿಸಿಟ್ಟು, ಪ್ರಣೀತಾಳಿಗೆ ಜ್ವರ ಬಂದಾಗಲೆಲ್ಲ ತೇಯ್ದು ಹಣೆಗೆ ಹಚ್ಚುತ್ತಿದ್ದಳು. ಕುಶಲಾಳಿಗೆ ಎಲ್ಲ ಗೊತ್ತಿತ್ತು. "ನಿಮ್ಮ ಸುಳ್ಳಿಗೆ ನಾನು ಒಗ್ಗರಣೆ ಹಾಕುವುದಿಲ್ಲ. ಬಾಯಿಯೂ ಬಿಡುವುದಿಲ್ಲ" ಎಂದಿದ್ದಳು.

ಕಳೆದ ವರ್ಷ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ವಾರದಲ್ಲೇ, ಬೀಡಿ ಕಟ್ಟುತ್ತ ಕುಳಿತಿದ್ದವಳು ತಲೆ ಎತ್ತಿ ಹೇಳಿದಳು:

"ದೇವು, ಈ ಸಲ ಹೋದಾಗ ಕಲ್ಲಿನ ಫೋಟೋ ತೆಗೆದುಕೊಂಡು ಬಾ. ನನಗೆ ಹತ್ತಲಿಕ್ಕೆ ಆಗುವುದಿಲ್ಲ. ಕಣ್ಣು ಬಂದದ್ದು ಇನ್ನು ಎಂತಕ್ಕೆ, ಅದನ್ನು ಒಮ್ಮೆ ನೋಡದಿದ್ದರೆ?"

ಮರುದಿನವೇ ಗಾಡಿ ಹತ್ತಿ ಮಾಳದ ದಾರಿ ಹಿಡಿದು ಉದ್ಯಾನದ ಗೇಟಿಗೆ ಹೋದೆ. ಮೊದಲಿದ್ದ ಗಾರ್ಡ್ ಇರಲಿಲ್ಲ. ಹೊಸಬ ಎಲ್ಲಿಗೆ ಎಂದು ಕೇಳಿದ.

"ಮನೆಗೆ" ಎಂದೆ, ಬಾಯಿ ತಪ್ಪಿ.

"ಒಳಗೆ ಮನೆ ಯಾವುದೂ ಇಲ್ಲ" ಎಂದ. ಅವನು ಹೇಳಿದ್ದು ಸರಿಯೇ. ಅನುಮತಿ ಪತ್ರ ಬೇಕು, ಅದರಲ್ಲಿ ಹೆಸರು ಇರಬೇಕು ಎಂದ.

ಈಗ ತಿಳಿಯಿತಲ್ಲ, ಕ್ಲಬ್ಬಿನ ಮೀಟಿಂಗಿನಲ್ಲಿ ನನಗೆ ಅಷ್ಟು ಉತ್ಸಾಹ ಯಾಕೆಂದು. ಹಳೆಯ ಕ್ಯಾಲೆಂಡರಿನ ಹಿಂದೆ ನಕ್ಷೆ ಬರೆದುಕೊಟ್ಟೆ. ಹಳ್ಳ ದಾಟುವುದು ಎಲ್ಲಿ, ಜಿಗಣೆ ಹೆಚ್ಚು ಎಲ್ಲಿ, ಮಂಜು ಎಷ್ಟು ಹೊತ್ತಿಗೆ ಏಳುತ್ತದೆ ಎಲ್ಲ ಗುರುತು ಹಾಕಿದೆ. ತಾರೀಕನ್ನೂ ನಾನೇ ಹೇಳಿದೆ. "ಸಂಕ್ರಮಣದ ದಿನ ಬೆಳಕು ಒಳ್ಳೆಯದಿರ್ತದೆ ಸರ್." ಬೆಳಕಿಗೂ ಸಂಕ್ರಮಣಕ್ಕೂ ಎಂತ ಸಂಬಂಧ? ವಲೇರಿಯನ್ ಸರ್ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಅನುಮತಿಯ ಓಡಾಟವೆಲ್ಲ ಅವರದೇ. ದಾರಿ ತೋರಿಸುವವನನ್ನು ಬಿಟ್ಟು ಯಾರೂ ಕಾಡಿಗೆ ಹೋಗುವುದಿಲ್ಲ ಎಂದು ನಾನು ನಂಬಿದ್ದೆ, ಒಂದು ಮಾತು ಕೇಳಿಯೂ ನೋಡಲಿಲ್ಲ.

ಸಂಕ್ರಮಣದ ಬೆಳಿಗ್ಗೆ ಸ್ನಾನ ಮಾಡಿ, ಕಾಯಿ, ಹೊದಳು, ಎಣ್ಣೆ, ಬತ್ತಿ, ಕಲ್ಲು ಉಜ್ಜಲು ಒಂದು ತೆಂಗಿನ ಸಿಪ್ಪೆ ಎಲ್ಲವನ್ನೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಂಡೆ. ಆರು ವರ್ಷದ ಮೇಲೆ ಮೊದಲ ಸಲ ಅಮ್ಮನ ಮುಖ ನೋಡಿ "ಹೋಗಿ ಬರ್ತೇನೆ" ಎಂದೆ.

ಗೇಟಿನಲ್ಲಿ ಗಾರ್ಡ್ ಹೆಸರು ಕೂಗಿದ. ಒಂಬತ್ತು ಹೆಸರು ಕೂಗಿ ಕಾಗದ ಮಡಚಿದ.

"ಸರ್, ನನ್ನ ಹೆಸರು?"

"ನಿಮ್ಮದು ಯಾಕೆ?" ವಲೇರಿಯನ್ ಸರ್‌ಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಗಾಡಿಯ ನಂಬರ್ ಹಾಕಿದ್ದೇನೆ ಅಲ್ವಾ. ನೀವು ಆರಾಮ ಮಾಡಿ. ಒಳಗೆ ಇವರದೇ ಗೈಡ್ ಬರ್ತಾರೆ, ನಿಮ್ಮ ನಕ್ಷೆ ಉಂಟು, ಸಾಕು."

ಹೆಸರಿಲ್ಲದವರನ್ನು ಬಿಟ್ಟರೆ ತನ್ನ ಕೆಲಸ ಹೋಗುತ್ತದೆ ಎಂದ ಗಾರ್ಡ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಆದರೆ ಇಲ್ಲಿ ಆ ಪೂಜಾರಿಯ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ಆಗಲಾದರೂ ಹೇಳಬಹುದಿತ್ತು, ಅದು ನನ್ನ ಮನೆ, ನಾನು ಹುಟ್ಟಿದ ಜಾಗ ಎಂದು. ಒಂಬತ್ತು ಜನ ಬೂಟಿನ ಲೇಸು ಕಟ್ಟುತ್ತಿದ್ದರು. ಚೈತಾಲಿ ಮೇಡಂ ಒಬ್ಬರನ್ನೇ ಬದಿಗೆ ಕರೆದು, ಒಂದು ಹಳೆಯ ಮನೆಯ ತಳಪಾಯದ ಹಿಂದೆ ಕಾಸರಕದ ಮರ ಉಂಟು, ಅದರ ಬುಡದಲ್ಲಿ ಒಂದು ಕಲ್ಲು ಉಂಟು, ಅದರ ಒಂದು ಫೋಟೋ ಬೇಕು ಎಂದೆ.

"ಯಾಕೆ ಅಣ್ಣ?"

"ಹಳೆಯದು. ನೋಡಲಿಕ್ಕೆ ಚೆಂದ ಉಂಟು."

ಅವರು ಹೋದರು. ನಾನು ಗಾಡಿಯಲ್ಲಿ ಕುಳಿತೆ. ನಿಜ ಹೇಳಬೇಕೆಂದರೆ ಸಿಟ್ಟಿನ ಜೊತೆಗೆ ಮನಸ್ಸು ಸ್ವಲ್ಪ ಹಗುರವೂ ಆಯಿತು. ಆ ಕಲ್ಲಿನ ಎದುರು ನಿಲ್ಲುವುದು ತಪ್ಪಿತಲ್ಲ ಎಂದು. ಹಾಗೆ ಹಗುರವಾದದ್ದಕ್ಕೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸಿತು.

ಸಂಜೆ ನಾಲ್ಕಕ್ಕೆ ಬಂದರು. ವಲೇರಿಯನ್ ಸರ್ ಪ್ಯಾಂಟಿಗೆಲ್ಲ ಕೆಸರು, ಮುಖದಲ್ಲಿ ಮದುಮಗನ ಕಳೆ.

"ದೇವದಾಸ್, ಜಾಗ ಅಂದರೆ ಜಾಗ! ನೀವು ಹೇಳಿದ ಕಲ್ಲು ನೋಡಿ. ನೂರು ವರ್ಷದಿಂದ ಒಬ್ಬ ಮನುಷ್ಯ ಇದಕ್ಕೆ ಕೈ ಹಚ್ಚಿದ್ದಿಲ್ಲ. ಅದೇ ಅದರ ಚೆಂದ ಮಾರಾಯ್ರೇ!"

ಕ್ಯಾಮೆರಾದ ಪರದೆಯಲ್ಲಿ ನಮ್ಮ ದೈವ ಒಂದು ಬದಿಗೆ ವಾಲಿ ನಿಂತಿತ್ತು. ಮೈಮೇಲೆ ಕಂಬಳಿಯಷ್ಟು ದಪ್ಪ ಪಾಚಿ. ಎಲೆಗಳ ಸಂದಿನಿಂದ ಒಂದು ಬಿಸಿಲಿನ ಕೋಲು ಸರಿಯಾಗಿ ಅದರ ಮೇಲೆ ಬಿದ್ದಿತ್ತು. ಎಂಟು ಜನ ಸುತ್ತ ನಿಂತು ವಾ ವಾ ಎನ್ನುತ್ತಿದ್ದರು. ನೂರು ವರ್ಷ ಅಲ್ಲ ಸರ್, ಆರು ವರ್ಷ. ಆ ಚೆಂದವೆಲ್ಲ ನಾನೇ ಮಾಡಿದ್ದು ಎಂದು ಕೂಗಿ ಹೇಳಬೇಕೆನಿಸಿತು. ಗಾಡಿ ಸ್ಟಾರ್ಟ್ ಮಾಡಿದೆ.

ಬಜಗೋಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಚೈತಾಲಿ ಮೇಡಂ ತಾವು ತೆಗೆದ ಫೋಟೋ ನನ್ನ ಮೊಬೈಲಿಗೆ ಕಳುಹಿಸಿದರು. ನಾನು ಕೇಳಿದೆ:

"ಮೇಡಂ, ಇದರ ಮುಂದೆ ಒಂದು ದೀಪ ಉರಿಯುವ ಹಾಗೆ ಮಾಡಲಿಕ್ಕೆ ಆಗ್ತದಾ?"

"ಎರಡು ನಿಮಿಷದ ಕೆಲಸ. ಯಾರಿಗೆ ಅಣ್ಣ?"

"ಅಮ್ಮನಿಗೆ."

ಅವರು ಮತ್ತೆ ಕೇಳಲಿಲ್ಲ. ಒಂದು ಮಣ್ಣಿನ ಹಣತೆ, ಎರಡು ದಾಸವಾಳ, ಒಡೆದ ಕಾಯಿ. ಹಣತೆಯ ಬೆಳಕು ಪಾಚಿಯ ಮೇಲೂ ಬಿದ್ದ ಹಾಗೆ ಮಾಡಿದ್ದರು. ನನಗೇ ಒಂದು ಕ್ಷಣ ನಾನು ಹೋಗಿ ಬಂದ ಹಾಗೆ ಅನ್ನಿಸಿತು. ಆದದ್ದಾಯಿತು, ಅಮ್ಮ ನೋಡಿ ಸಮಾಧಾನಪಡಲಿ, ಮುಂದಿನ ವರ್ಷ ಹೇಗಾದರೂ ಹೋಗುವುದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಅಮ್ಮ ಬೀಡಿಯ ಗೆರಸೆಯನ್ನು ಬದಿಗೆ ಸರಿಸಿ, ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಮೊಬೈಲ್ ತೆಗೆದುಕೊಂಡಳು. ಮೊದಲು ಹಣೆಗೆ ಒತ್ತಿಕೊಂಡಳು. ಆಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು.

"ವಾಲಿದೆಯಲ್ಲ."

"ಈ ಸಲ ಮಳೆ ಜಾಸ್ತಿ ಅಮ್ಮ."

"ದೀಪ ನೀನು ಇಟ್ಟದ್ದಾ?"

"ಹೌದು."

"ಕಲ್ಲು ತೊಳೆಯದೆ ದೀಪ ಇಡುವ ಕ್ರಮ ನಿನಗೆ ಯಾರು ಹೇಳಿಕೊಟ್ಟದ್ದು?"

ಬೆಳಕು, ಹೂವು, ಕಾಯಿ ಎಲ್ಲ ನೆನಪಾಗಿತ್ತು, ತೊಳೆಯುವುದು ನೆನಪಾಗಲಿಲ್ಲ. ಖಾನೆಯಲ್ಲಿ ತೆಂಗಿನ ಸಿಪ್ಪೆ ಇಟ್ಟುಕೊಂಡು ಹೋದವನು ನಾನೇ. ಅಮ್ಮ ಪಾಚಿ ಉಜ್ಜುವವಳ ಹಾಗೆ ಹೆಬ್ಬೆರಳಿನಿಂದ ಪರದೆಯನ್ನು ತಿಕ್ಕಿದಳು, ಚಿತ್ರ ಆಚೆ ಈಚೆ ಸರಿಯಿತು.

"ಇದು ಒಂದು ಮಳೆಗಾಲದ ಪಾಚಿ ಅಲ್ಲ ದೇವು."

ಕುಶಲಾ ಒಲೆಯ ಹತ್ತಿರದಿಂದ ಬಂದು ಬಾಗಿಲಲ್ಲಿ ನಿಂತಳು. ಅಮ್ಮ ಎದ್ದು ದೇವರ ಮಂಟಪದ ಬಳಿಯಿಂದ ಪೌಡರಿನ ಡಬ್ಬಿ ತಂದಳು.

"ಹಾಗಾದರೆ ಹುಡುಗಿಯ ಹಣೆಗೆ ನಾನು ಹಚ್ಚಿದ್ದು ಎಂತದ್ದು?"

"ಅದು ಕಡಿಯಾಳಿಯದ್ದು ಅಮ್ಮ. ಅದೂ ದೇವರ ಗಂಧವೇ."

"ಕಡಿಯಾಳಿಯದ್ದು ಅಂತ ಹೇಳಿ ತಂದಿದ್ದರೆ ದೇವರ ಗಂಧ" ಎಂದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನು ನಿನ್ನ ಗಾಡಿಯಲ್ಲಿ ಇಟ್ಟುಕೋ" ಎಂದು ಮತ್ತೆ ಬೀಡಿಗೆ ಕುಳಿತಳು.

ಮಾಡಿದ್ದುಣ್ಣೋ ಮಹರಾಯ. ಡಬ್ಬಿ ಇವತ್ತಿಗೂ ಖಾನೆಯಲ್ಲಿದೆ. ಬ್ರೇಕ್ ಹಾಕಿದಾಗಲೆಲ್ಲ ಒಳಗೆ ಗಂಧದ ಗಟ್ಟಿಗಳು ಸದ್ದು ಮಾಡುತ್ತವೆ.

ವಲೇರಿಯನ್ ಸರ್ ಫೋಟೋಗೆ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಮೊನ್ನೆ ಫೋನ್ ಮಾಡಿದ್ದರು. ಈ ಸಂಕ್ರಮಣಕ್ಕೂ ಅಲ್ಲಿಗೇ ಹೋಗುವುದಂತೆ. "ಈ ಸಲ ನಿಮ್ಮ ಹೆಸರನ್ನೇ ಮೊದಲು ಬರೆದಿದ್ದೇನೆ ದೇವದಾಸ್. ನೀವು ಒಳಗೆ ಬರಲೇಬೇಕು" ಎಂದರು. ಚೈತಾಲಿ ಮೇಡಂ ಏನಾದರೂ ಹೇಳಿರಬೇಕು. ನೋಡಿ ಹೇಳುತ್ತೇನೆ ಸರ್ ಎಂದು ಫೋನ್ ಇಟ್ಟೆ.

ದೀಪಾವಳಿ ಕಳೆದು ವಾರವಾಯಿತು. ಮೊದಲೆಲ್ಲ ಎಣ್ಣೆಸ್ನಾನದ ದಿನವೇ ಅಮ್ಮ ಕೇಳುತ್ತಿದ್ದಳು, ಸಂಕ್ರಮಣ ಯಾವ ವಾರ ಬರುತ್ತದೆ ಎಂದು. ಈ ವರ್ಷ ಅನುಮತಿ ಉಂಟು, ಹೆಸರು ಉಂಟು, ಗಾಡಿಯೂ ಖಾಲಿ ಉಂಟು. ಅಮ್ಮ ಕೇಳುತ್ತಿಲ್ಲ.